ಗುಂಡಿಯಮ್ಮನ ‘ನಮ್ಮವಳು’

ಜಗಳಗಂಟಿ,

ಇದನ್ನು ಅಂಚೆಗೆ ಹಾಕುವುದಿಲ್ಲ. ಓದಿದರೆ ನೀನು ಬಿದ್ದು ಬಿದ್ದು ನಗುತ್ತೀಯ.

ಇವತ್ತು ಅಂಗಡಿಗೆ ಗುಂಡಿಯಮ್ಮ ಬಂದಿದ್ದಳು, ಮರದ ಗುಂಡಿಗಳನ್ನು ತಗೊಂಡು. ನಾವಿಬ್ಬರೂ ಸೇರಿ ಮಕ್ಕಳ ಕೋಟು ಹೊಲಿಯಲು ಶುರುಮಾಡಿದಾಗ ನಾನು ಹಟ ಹಿಡಿದು ಮಾಡಿದ ನಿಯಮ ನೆನಪಿದೆಯಲ್ಲ? ಮಾಲು ಕೊಡುವವರ ಹತ್ತಿರ ಚೌಕಾಸಿ ಕೂಡದು, ಅವರು ಹೇಳಿದ್ದೇ ದರ. ನೀನು ಬೇರೆ ಅಂಗಡಿ ಹಾಕಿದ ಮೇಲೂ ನಾನು ಅದನ್ನು ಮುರಿದಿರಲಿಲ್ಲ.

ಮೇಜಿನ ಮೇಲೆ ಗುಂಡಿ ಸುರಿಯುತ್ತಾ ಅವಳು ನಿನ್ನ ಸುದ್ದಿ ತೆಗೆದಳು. “ನಮ್ಮವಳು ಒಂದೊಂದು ಗುಂಡಿಗೂ ದರ ಇಳಿಸು ಅಂತ ಪ್ರಾಣ ತಿಂತಾಳೆ. ಇಬ್ಬರೂ ಬಾಯಿಗೆ ಬಂದಂಗೆ ಕಿತ್ತಾಡ್ತೀವಿ. ಆಮೇಲೆ ಊಟ ಮಾಡ್ಕೊಂಡೇ ಹೋಗು ಅಂತ ಕೈ ಹಿಡಿದು ಕೂರಿಸ್ತಾಳೆ.” ಹೇಳುವಾಗ ಮುಖದ ತುಂಬಾ ನಗು. ಇಷ್ಟು ವರ್ಷ ನನಗೆ ಮೇಡಂ ಅನ್ನುವವಳಿಗೆ ನೀನು ನಮ್ಮವಳು. ಹೊಟ್ಟೆ ಉರಿದುಹೋಯಿತು ಕಣೇ.

ಅದಕ್ಕೇ ನಾನೂ ಚೌಕಾಸಿಗಿಳಿದೆ. “ದರ ಜಾಸ್ತಿಯಾಯ್ತು, ಇಳಿಸು” ಅಂದೆ. ಬೈಯಲಿ ಅಂತ ಕಾದೆ. ಒಳಗೆ ಇಬ್ಬರಿಗಾಗುವಷ್ಟು ಊಟವೂ ಇತ್ತು.

ಅವಳ ನಗು ಹೋಯಿತು. “ಆಗಲಿ ಮೇಡಂ” ಅಂದಳು.

ನನಗೆ ಗಾಬರಿಯಾಗಿ, “ಬೇಡ, ಹಳೇ ದರವೇ ಇರಲಿ, ಸುಮ್ಮನೆ ಹೇಳಿದೆ” ಅಂದೆ. ಅದಕ್ಕೂ ಅದೇ ದನಿಯಲ್ಲಿ “ಆಗಲಿ ಮೇಡಂ” ಅಂದು ಚೀಲ ಮಡಚಿಕೊಂಡು ಹೊರಟಳು.

ನೀನು ಬೇರೆಯಾಗುತ್ತೇನೆ ಅಂದ ದಿನ ನಾನೂ ಇದೇ ದನಿಯಲ್ಲಿ “ಆಗಲಿ” ಅಂದಿದ್ದೆ. ನೀನು ಆಮೇಲೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ.