ಮೇಲಬ್ಬಿಗೆ ಜೊತೆ ಬೇಕು

ಕಡವಿನಬೈಲು ಅರಣ್ಯಧಾಮ, ಕೆಳಪೇಟೆ
ಸೋನೆ ತಿಂಗಳ ಐದನೇ ದಿನ, ಎರಡು ಸಾವಿರದ ಇನ್ನೂರ ನಲವತ್ತೊಂದನೇ ಇಸವಿ

ನನ್ನನ್ನು ಎಂದೂ ನೋಡದ, ನಾನೂ ನೋಡಲಾಗದ ನಿಮಗೆ ಪದ್ಮಾಕ್ಷಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಸೋನೆ ಎಂಬ ತಿಂಗಳಿಲ್ಲ ಎಂದು ನನಗೆ ಗೊತ್ತು. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಮಳೆಗಾಲವೂ ಅಲ್ಲದ, ಚಳಿಗಾಲವೂ ಅಲ್ಲದ, ಬೆಳಗಿನಿಂದ ಸಂಜೆಯವರೆಗೆ ಹಿಟ್ಟು ಜರಡಿ ಹಿಡಿದಂತೆ ಹನಿ ಉದುರುವ ಒಂದು ಅವಧಿ ಹುಟ್ಟಿಕೊಂಡಿತು. ಅದನ್ನು ಎಲ್ಲಿಗೆ ಸೇರಿಸುವುದೆಂದು ತಿಳಿಯದೆ ಹಿರಿಯರು ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತುಕೊಂಡು ಹದಿಮೂರನೆಯ ತಿಂಗಳನ್ನೇ ಮಾಡಿಬಿಟ್ಟರು. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಧ್ವನಿಮುದ್ರಣಗಳಿಂದ, ಅದರಲ್ಲೂ ಹೆಚ್ಚಾಗಿ ಅಡುಗೆ ಕಾರ್ಯಕ್ರಮಗಳಿಂದ ಮತ್ತು ರೈಲು ನಿಲ್ದಾಣದ ಪ್ರಕಟಣೆಗಳಿಂದ. ಅಲ್ಲಲ್ಲಿ ಒಗ್ಗರಣೆಯ ವಾಸನೆ ಬಂದರೆ, ಅಥವಾ ಪ್ರಯಾಣಿಕರ ಗಮನಕ್ಕೆ ಎಂದು ನಾನು ಶುರುಮಾಡಿದರೆ, ನಕ್ಕು ಮುಂದೆ ಓದಿ.

ಈ ಪತ್ರ ನಿಮ್ಮನ್ನು ತಲುಪುವುದು ಹಿನ್ನಂಚೆಯಲ್ಲಿ. ಕಳೆದುಹೋದ ಕಾಲಕ್ಕೆ ಪತ್ರ ಒಯ್ಯುವ ಅಂಚೆ ಅದು. ಮಾತನ್ನು ಮಾತ್ರ ಒಯ್ಯುತ್ತದೆ, ಒಂದು ಹೂವಿನ ಎಸಳನ್ನು ಮಡಚಿಟ್ಟರೂ ವಾಪಸು ಕೊಟ್ಟುಬಿಡುತ್ತಾರೆ. ವಿಳಾಸ ಬರೆಯುವಂತಿಲ್ಲ; ಯಾರ ಕೈಗೆ ಸಿಗುತ್ತದೋ ಅವರದೇ ಪತ್ರ. ಉತ್ತರಕ್ಕಾಗಿ ಕಾಯಬೇಡಿ ಎಂದು ಕಿಟಕಿಯಲ್ಲಿ ಕೂತ ಹೆಂಗಸು ಎರಡೆರಡು ಸಲ ಹೇಳಿದಳು. ನಾನು ಪೆಚ್ಚುಮೋರೆ ಹಾಕಿಕೊಂಡದ್ದು ಅವಳಿಗೆ ಕಂಡಿರಬೇಕು.

ನಮ್ಮ ಅರಣ್ಯಧಾಮದಲ್ಲಿ ಒಂದೇ ಹೊಳೆ ಮೂರು ಕಡೆ ಧುಮುಕುತ್ತದೆ. ಜಲಪಾತಕ್ಕೆ ನಾವು ಈಗಲೂ ಅಬ್ಬಿ ಎಂದೇ ಹೇಳುತ್ತೇವೆ. ಕೆಳಗಿನದು ಕಿರಿಯಬ್ಬಿ. ಅಲ್ಲಿಗೆ ಯಾರು ಬೇಕಾದರೂ ಯಾವತ್ತು ಬೇಕಾದರೂ ಹೋಗಬಹುದು. ಮಕ್ಕಳು ಶಾಲೆ ಬಿಟ್ಟ ಮೇಲೆ ಹೋಗಿ ಸಂಜೆಯವರೆಗೆ ನೀರಾಟ ಆಡಿ ಮೂಗು ಸೋರಿಸಿಕೊಂಡು ಬರುತ್ತವೆ. ಅದಕ್ಕಿಂತ ಮೇಲೆ ನಡುವಬ್ಬಿ, ವರ್ಷಕ್ಕೆ ಒಂದು ಸಲ. ಎಲ್ಲಕ್ಕಿಂತ ಮೇಲೆ, ಮೋಡದೊಳಗೆ, ಮೇಲಬ್ಬಿ. ಅಲ್ಲಿಗೆ ಒಬ್ಬ ಮನುಷ್ಯ ಬದುಕಿನಲ್ಲಿ ಒಂದೇ ಸಲ ಹೋಗಬಹುದು. ಇದಕ್ಕೆ ನಮ್ಮಲ್ಲಿ ಬಾಳ್ಸರದಿ ಎಂಬ ಹೆಸರಿದೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಮೇಲಬ್ಬಿ ಪೂರ್ತಿ ಬತ್ತಿಹೋಗಿ, ಒಂದು ತಲೆಮಾರು ಅಲ್ಲಿ ಬರೀ ಬಂಡೆ ಇತ್ತಂತೆ. ಆಮೇಲೆ ಒಂದು ಮುಂಜಾನೆ ನೀರು ತಾನಾಗಿ ವಾಪಸು ಬಂತು. ಆವತ್ತು ಊರಿಗೆ ಊರೇ ಕೂತು ಮಾಡಿಕೊಂಡ ನೇಮ ಇದು. ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬೈಯುವುದಾದರೆ ಇಷ್ಟು ಚಂದದ ಅಕ್ಷರದಲ್ಲಿ ಬರೆಯುತ್ತಿರಲಿಲ್ಲ.

ಮೇಲಬ್ಬಿಯ ದಾರಿಗೆ ಕಾವಲಿಲ್ಲ. ದಾರಿಯ ಕೊನೆಯ ತಿರುವಿನಲ್ಲಿ ಮೊಣಕಾಲೆತ್ತರದ ಒಂದು ಕಪ್ಪು ಕಲ್ಲಿದೆ, ಅದಕ್ಕೆ ಗೆರೆಗಲ್ಲು ಎನ್ನುತ್ತೇವೆ. ಅದರ ಈಚೆಗೆ ಎಷ್ಟು ಸಲ ಬೇಕಾದರೂ ಹೋಗಿ ಕೂತುಕೊಳ್ಳಬಹುದು, ಅಬ್ಬಿಯ ಸದ್ದು ಕೇಳಬಹುದು. ದಾಟಿದರೆ ನೀರು ಕಾಣುತ್ತದೆ, ಅಲ್ಲಿಗೆ ನಿಮ್ಮ ಸರದಿ ಮುಗಿಯಿತು. ಬಂಡೆಗಳು ಹಾವಸೆ ಕಟ್ಟಿ ಜಾರುವುದರಿಂದ ಗೆರೆಗಲ್ಲಿನವರೆಗೆ ಜೊತೆ ಇಲ್ಲದೆ ಯಾರೂ ನಡೆಯುವಂತಿಲ್ಲ. ಇನ್ನೊಂದು ಕಟ್ಟುಪಾಡು ಇದೆ. ನೋಡಿ ಬಂದವರು ನೋಡದವರಿಗೆ ಅದು ಹೇಗಿದೆ ಎಂದು ಹೇಳಬಾರದು. ಚಿತ್ರ ಇಲ್ಲ, ಹಾಡು ಇಲ್ಲ, ಕೈಸನ್ನೆಯೂ ಇಲ್ಲ. ಹಾಗಾಗಿ ನಮ್ಮ ಮಕ್ಕಳು ಅದನ್ನು ಊಹಿಸಿಕೊಂಡೇ ಬೆಳೆಯುತ್ತಾರೆ. ನಾನು ಚಿಕ್ಕವಳಿದ್ದಾಗ ಅದು ಎರಡು ಜಡೆಯಾಗಿ ಬೀಳುತ್ತದೆ ಎಂದು ನಂಬಿದ್ದೆ. ನನ್ನ ಗೆಳತಿ ಅದು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ ಎಂದು ವಾದಿಸುತ್ತಿದ್ದಳು. ಒಂದು ದಿನ ಅವಳು ಅಪ್ಪನ ಜೊತೆ ಹೋಗಿ ಬಂದಳು. ಆಮೇಲೆ ನಾನು ಎಷ್ಟು ಕೆಣಕಿದರೂ ಅವಳು ವಾದ ಮಾಡಲಿಲ್ಲ, ಸುಮ್ಮನೆ ನನ್ನ ತಲೆ ಸವರಿದಳು. ಆವತ್ತು ನನಗಾದ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ.

ಯಾವಾಗ ಹೋಗಬೇಕು, ಯಾರ ಜೊತೆ ಹೋಗಬೇಕು ಎಂಬುದೇ ನಮ್ಮ ಊರಿನ ದೊಡ್ಡ ತಲೆನೋವು. ಮದುವೆಯ ಮಾತುಕತೆಯಲ್ಲಿ ಮೊದಲು ಕೇಳುವ ಪ್ರಶ್ನೆ, ಸರದಿ ಉಳಿದಿದೆಯೋ ಮುಗಿದಿದೆಯೋ ಎಂದು. ಹೆಚ್ಚಿನವರು ಹರೆಯದಲ್ಲೇ ಅಣ್ಣತಮ್ಮಂದಿರ ಜೊತೆ, ಗೆಳೆಯರ ಜೊತೆ ಹುರುಪಿನಲ್ಲಿ ಹೋಗಿ ಮುಗಿಸಿಬಿಡುತ್ತಾರೆ. ನನ್ನ ಗಂಡನೂ ನನ್ನ ಪರಿಚಯವಾಗುವ ಮೊದಲೇ ಹೋಗಿ ಬಂದವನು. ಕೆಲವರು ಮಾತ್ರ ಇವತ್ತು ಬೇಡ, ಈ ಮಳೆ ಬೇಡ, ಇವರ ಜೊತೆ ಬೇಡ ಎಂದು ಇಟ್ಟುಕೊಂಡೇ ಇರುತ್ತಾರೆ. ಅವರನ್ನು ಊರಿನವರು ಕೂಡಿಟ್ಟವರು ಎಂದು ಛೇಡಿಸುತ್ತಾರೆ. ನನ್ನ ಅಮ್ಮ ದೇವೀರಮ್ಮ ಅಂಥ ಕೂಡಿಟ್ಟವರಲ್ಲಿ ಹಿರಿಯಳು. ಮೊದಲು ನನ್ನ ಅಪ್ಪನ ಜೊತೆ ಹೋಗಬೇಕೆಂದಿದ್ದಳು, ಅಪ್ಪ ತೀರಿಕೊಂಡರು. ಆಮೇಲೆ ನನ್ನ ಜೊತೆ ಎಂದಳು. ನಾನು ದೊಡ್ಡವಳಾಗಲಿ ಎಂದು ಕಾದಳು, ನನ್ನ ಬಾಣಂತನ ಮುಗಿಯಲಿ ಎಂದು ಕಾದಳು, ಕಾಯುತ್ತ ಕಾಯುತ್ತ ಅವಳ ಮಂಡಿ ಸವೆದುಹೋಯಿತು. ನಾನೂ ಅವಳಿಗಾಗಿ ನನ್ನದನ್ನು ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ನನ್ನ ಮಗಳು ನವಿರಾಳಿಗೆ ಹತ್ತು ತುಂಬಿ, ಮೇಲಬ್ಬಿಗೆ ಅಮ್ಮನ ಜೊತೆಯೇ ಹೋಗುವುದು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ನನ್ನ ಹತ್ತಿರ ಇದ್ದದ್ದು ಒಂದೇ ಸರದಿ. ಒಂದು ಕಡೆ ಅಮ್ಮ, ಒಂದು ಕಡೆ ಮಗಳು. ಎಷ್ಟೋ ದಿನ ಅನ್ನ ಕಲಸುತ್ತ ಹಾಗೇ ಕೂತುಬಿಡುತ್ತಿದ್ದೆ.

ಕೊನೆಗೆ ಒಂದು ಸೋನೆಯಲ್ಲಿ ಅಮ್ಮ ಈ ಸಲ ಹೊರಟೇಬಿಡೋಣ ಎಂದಳು. ಅರಣ್ಯಧಾಮದ ಬಾಗಿಲಲ್ಲಿ ನಮ್ಮ ಅಂಗೈಗನ್ನಡಿಗಳನ್ನು ಬಿಟ್ಟೆವು. ಅವು ನಿಮ್ಮ ಫೋನಿನ ಮರಿಮಕ್ಕಳು ಅಂದುಕೊಳ್ಳಿ. ಚಪ್ಪಲಿ ಕಳಚಿ ಅಲ್ಲಿ ಕೊಡುವ ನಾರಿನ ಜೋಡು ಮೆಟ್ಟಿಕೊಂಡೆವು. ಬಟ್ಟೆಯ ಗಂಟಿನಲ್ಲಿ ಅವಲಕ್ಕಿ, ಸೊಂಟದಲ್ಲಿ ಉಪ್ಪಿನ ಪೊಟ್ಟಣ. ನಿಮ್ಮ ಕಾಲದ್ದು ಏನೂ ಉಳಿದಿಲ್ಲವೆಂದು ಬೇಸರಪಡಬೇಡಿ, ರಕ್ತ ಹೀರುವ ಉಂಬಳಗಳು ಚೆನ್ನಾಗಿ ಉಳಿದುಕೊಂಡಿವೆ. ಅಮ್ಮ ಹತ್ತು ಹೆಜ್ಜೆಗೊಮ್ಮೆ ನಿಂತು ಮಂಡಿ ಒತ್ತಿಕೊಳ್ಳುತ್ತಿದ್ದಳು, ನಾನು ಬಗ್ಗಿ ಅವಳ ಕಾಲಿನ ಉಂಬಳ ಬಿಡಿಸುತ್ತಿದ್ದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮರಗಳು ನಾವು ಹತ್ತಿರ ಹೋದಾಗ ಮಾತ್ರ ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ಬೆತ್ತದ ಪೊದೆಯೊಳಗಿಂದ ಒಂದು ಹಕ್ಕಿ, ಕೆಲಸವಿಲ್ಲದ ಹುಡುಗನ ಹಾಗೆ, ಅರ್ಧ ಹಾಡು ಸಿಳ್ಳೆ ಹಾಕಿ ಬಿಟ್ಟುಬಿಡುತ್ತಿತ್ತು. ಸದ್ದು ಮೊದಲು ಕಿವಿಗೆ ಬರಲಿಲ್ಲ, ಅಂಗಾಲಿಗೆ ಬಂತು. ನೆಲ ಸಣ್ಣಗೆ ನಡುಗುತ್ತಿತ್ತು. ಅಮ್ಮ ನನ್ನ ಕೈ ಹಿಡಿದು ನಿಂತಳು.

ಗೆರೆಗಲ್ಲಿನ ಹತ್ತಿರ ಬಂದಾಗ ಅಮ್ಮ ನನ್ನ ಭುಜ ಒತ್ತಿ ಕಲ್ಲಿನ ಮೇಲೆ ಕೂರಿಸಿದಳು. "ನೀ ಇಲ್ಲೇ ಕೂತಿರು ಪದ್ದಿ, ದಾಟಬೇಡ. ನಿಂದು ಆ ಮಗೀಗಿರ್ಲಿ" ಎಂದಳು. ನಾನು ಎದ್ದು ನಿಲ್ಲುವಷ್ಟರಲ್ಲಿ ಗೋಡೆ ಹಿಡಿದಂತೆ ಬಂಡೆ ಹಿಡಿದುಕೊಂಡು ತಿರುವಿನಾಚೆ ಹೋಗಿಯೇಬಿಟ್ಟಳು. ಅಷ್ಟು ಚುರುಕಾಗಿ ಅವಳು ನಡೆದದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ನಾನು ಕೂತೇ ಇದ್ದೆ. ತಿರುವಿನಾಚೆಯಿಂದ ತಣ್ಣನೆಯ ಗಾಳಿ, ಅದರಲ್ಲಿ ನುಣ್ಣನೆಯ ಹನಿ. ಒಂದು ಸಲ ನೀರಿನ ಸದ್ದಿನೊಳಗಿಂದ ಅವಳ ನಗು ಕೇಳಿದ ಹಾಗಾಯಿತು. ಚಿಕ್ಕ ಹುಡುಗಿಯ ನಗು. ಅದು ಅವಳದ್ದೇ ಎಂದು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ತುಂಬ ಹೊತ್ತಿನ ಮೇಲೆ ಅವಳು ಬಂದಳು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಬಿಳಿ ಕೂದಲಿನ ತುಂಬ ಹನಿ. ನಾನು ಒಣಬಟ್ಟೆಯಲ್ಲಿ ಅವಳ ತಲೆ ಒರೆಸತೊಡಗಿದೆ. ಅವಳು ನನ್ನ ಮುಖವನ್ನೇ ನೋಡುತ್ತ, "ಒಬ್ಳೇ ನೋಡಬಾರ್ದಿತ್ತು ಕಣೇ" ಎಂದಳು. ಅಷ್ಟೇ. ಇಳಿಯುವಾಗ ದಾರಿಯುದ್ದಕ್ಕೂ ನನಗೆ ಸಿಟ್ಟು, ಹೇಳಿಕೊಳ್ಳಲಾಗದ ಸಿಟ್ಟು. ನನ್ನನ್ನು ಕೇಳದೆ ನನ್ನ ಪಾಲಿನ ತ್ಯಾಗವನ್ನೂ ಅವಳೇ ಮಾಡಿದ್ದಳು, ಕೊನೆಗೆ ಅವಳಿಗೂ ಸುಖವಿಲ್ಲ, ನನಗೂ ಇಲ್ಲ. ಅದಾಗಿ ಎರಡು ಮಳೆಗಾಲ ಬದುಕಿದ್ದಳು. ಸಂಜೆ ಹೊತ್ತು ನನ್ನನ್ನು ನೋಡುತ್ತ ಬಾಯಿ ತೆರೆಯುವಳು, ಕಟ್ಟುಪಾಡು ನೆನಪಾಗಿ ಮುಚ್ಚುವಳು. ಅಷ್ಟು ದೊಡ್ಡದನ್ನು ಕಂಡು, ಜೊತೆಗೆ ನಿಂತು ಕಂಡ ಒಂದು ಜೀವವೂ ಇಲ್ಲದೆ ಹೋದಳು ನನ್ನ ಅಮ್ಮ.

ಮುಂದಿನದನ್ನು ನೀವು ಊಹಿಸಿರಬಹುದು. ನವಿರಾಳಿಗೆ ಹದಿನೆಂಟಾಯಿತು, ಹಾಸ್ಟೆಲಿಗೆ ಹೋದಳು, ಒಂದು ರಜೆಯಲ್ಲಿ ಮನೆಗೆ ಬಂದವಳ ಕಣ್ಣಿನಲ್ಲಿ ನನ್ನ ತಲೆ ಸವರಿದ ಆ ಹಳೆಯ ಗೆಳತಿಯ ಕಣ್ಣಿನಲ್ಲಿ ಅಂದು ಕಂಡದ್ದೇ ಕಂಡಿತು. ರೂಮಿನ ಗೆಳತಿಯ ಜೊತೆ ಮೇಲಬ್ಬಿಗೆ ಹೋಗಿ ಬಂದಿದ್ದಳು! ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ನಿನಗಾಗಿ ಅಜ್ಜಿ ಏನು ಮಾಡಿದ್ದಳು ಗೊತ್ತೇ ಎಂದು ಕೂಗಾಡಿದೆ. ಅವಳು ಅಳುತ್ತ, "ಅಮ್ಮಾ, ನೀವಿಬ್ರೂ ನನ್ನ ಒಂದ್ಸಲನಾದ್ರೂ ಕೇಳಿದ್ರಾ? ಹತ್ತು ವರ್ಷದವ್ಳು ಹೇಳಿದ್ದನ್ನ ಹಿಡ್ಕೊಂಡು ಕೂತ್ರೆ ನಾನೇನ್ ಮಾಡ್ಲಿ?" ಎಂದಳು. ಅವಳು ಹೇಳಿದ್ದು ಸರಿ. ಸರಿ ಇದ್ದದ್ದರಿಂದ ನನಗೆ ಇನ್ನಷ್ಟು ರೇಗಿತು. ಆಮೇಲೆ ಇಬ್ಬರೂ ಸಮಾಧಾನ ಮಾಡಿಕೊಂಡೆವು, ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದೆವು. ಆದರೆ ನನ್ನ ಸರದಿ ನನ್ನ ಕೈಯಲ್ಲೇ ಉಳಿಯಿತು.

ಈಗ ನನ್ನ ಮಂಡಿಯೂ ಸದ್ದು ಮಾಡುತ್ತಿದೆ. ಈ ಸೋನೆ ಮುಗಿಯುವುದರೊಳಗೆ ಹೋಗದಿದ್ದರೆ ಇನ್ನು ಹೋಗಲಾರೆ ಎಂದು ವೈದ್ಯರು ನೇರವಾಗಿಯೇ ಹೇಳಿದ್ದಾರೆ. ನನ್ನ ವಾರಿಗೆಯವರೆಲ್ಲ ನೋಡಿ ಮುಗಿಸಿದವರು. ಅರಣ್ಯಧಾಮದ ಬಾಗಿಲ ಹತ್ತಿರ ಜೊತೆ ಹುಡುಕುವ ಕೂಡಿಟ್ಟವರಿಗಾಗಿ ಒಂದು ಕಟ್ಟೆ ಇದೆ, ಅಲ್ಲಿಗೂ ಹೋಗಿ ಕೂತು ಬಂದೆ. ಸಿಕ್ಕವನು ಒಬ್ಬನೇ. ಅವನು ದಾರಿಯಲ್ಲಿ ಮಾತಾಡಬಾರದು, ಅಬ್ಬಿಯ ಮುಂದೆ ಅಳಬಾರದು, ತನಗಿಂತ ಮೊದಲು ನೋಡಬಾರದು ಎಂದು ಷರತ್ತು ಹಾಕಿದ. ನಾನು ಅವನಿಗೆ ದೊಡ್ಡ ನಮಸ್ಕಾರ ಹಾಕಿ ಎದ್ದು ಬಂದೆ. ಗೆರೆಗಲ್ಲಿನವರೆಗೆ ನವಿರಾ ಕರೆದುಕೊಂಡು ಹೋಗುತ್ತಾಳೆ. ಒಮ್ಮೆ ನೋಡಿದವಳು ಮತ್ತೆ ದಾಟುವಂತಿಲ್ಲ, ಆದ್ದರಿಂದ ಅಲ್ಲೇ ಕೂತಿರುತ್ತಾಳೆ. ಆಚೆಗೆ ನಾನೊಬ್ಬಳೇ. ಸಾವಿಗೆ ಹೆದರದ ನಾನು ಆ ಇಪ್ಪತ್ತು ಮೂವತ್ತು ಹೆಜ್ಜೆಗೆ ಹೆದರಿದ್ದೇನೆ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದಲ್ಲಿ ಯಾರು ಯಾವ ಅಬ್ಬಿಗಾದರೂ, ಮನಸ್ಸಾದಾಗಲೆಲ್ಲ, ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಬಹುದಿತ್ತಂತೆ. ಅದನ್ನು ಓದಿದಾಗ ಮೊದಲು ನಂಬಲಿಲ್ಲ, ಆಮೇಲೆ ಸ್ವಲ್ಪ ಹೊಟ್ಟೆ ಉರಿಯಿತು, ಈಗ ಅದೇ ನನಗೆ ಧೈರ್ಯ. ನೀವು ಒಮ್ಮೆ ಹೋಗಿ. ನಮ್ಮ ಮೇಲಬ್ಬಿ ಎಲ್ಲಿದೆ ಎಂದು ಹುಡುಕಬೇಡಿ, ನಿಮ್ಮ ಹತ್ತಿರದ ಕಾಡಿನಲ್ಲಿ ಯಾವುದಿದೆಯೋ ಅದೇ ಸಾಕು. ಮಳೆ ಹನಿಯುವಾಗ ಹೋದರೆ ಒಳ್ಳೆಯದು. ಸಾವಕಾಶವಾಗಿ ಹತ್ತಿ, ಜಾರುವ ಕಡೆ ಬೇರು ಹಿಡಿದುಕೊಳ್ಳಿ. ನಾನು ನಿಧಾನ ನಡೆಯುವವಳು. ನೀವು ಯಾವತ್ತು ಹೋದರೂ ನಾನು ಹೊರಟ ದಿನ ಅದೇ ಎಂದುಕೊಳ್ಳುತ್ತೇನೆ. ಇನ್ನೂರು ವರ್ಷದ ವ್ಯತ್ಯಾಸ ಕಾಡಿಗೆ ಅಷ್ಟೇನೂ ದೊಡ್ಡದಲ್ಲ, ನಾವಿಬ್ಬರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಬೇಡ.

ಕೊನೆಯ ತಿರುವು ದಾಟಿ ನೀರು ಕಂಡಾಗ ದಯವಿಟ್ಟು ಸ್ವಲ್ಪ ಸರಿದು, ನಿಮ್ಮ ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಡಿ. ನನಗೆ ಏನೂ ಹೇಳುವುದು ಬೇಡ, ಸುಮ್ಮನೆ ನೋಡುತ್ತ ನಿಂತಿರಿ. ಜೊತೆಗೆ ಬಂದವರು ಯಾರಾದರೂ ಅಲ್ಲಿ ನಿಲ್ಲಲು ಹೋದರೆ, ಒಬ್ಬರು ಬರುವವರಿದ್ದಾರೆ ಎನ್ನಿ.

ಇಂತು ನಿಮ್ಮ ದಾರಿ ಕಾಯುವ,
ಪದ್ಮಾಕ್ಷಿ