ಡಮ್ಮಿ ಸಾಲು

ಜೂನ್ ೧೨, ಗುರುವಾರ
ಬೆಳಗ್ಗೆ, ಅಂಗಡಿಯ ಮೆಟ್ಟಿಲ ಮೇಲಿಂದ

ಪ್ರೀತಿಯ ಅಣ್ಣಾ,

ಹೇಗಿದ್ದೀಯ ಅಂತ ಕೇಳಿದರೆ ನೀನು ಹೆಬ್ಬೆರಳು ಎತ್ತಿ ತೋರಿಸುತ್ತೀಯ, ಅದಕ್ಕೇ ಕೇಳುವುದಿಲ್ಲ. ನಿನ್ನ ಚೀಟಿ ಬಂದು ವಾರವಾಯಿತು. ಕೆಲಸ ಜಾಸ್ತಿ ಇತ್ತು ಅಂತ ಬರೆಯಬಹುದಿತ್ತು. ಇರಲಿಲ್ಲ. ಪೆನ್ನು ಹಿಡಿದಾಗಲೆಲ್ಲ ಕೈ ಹಿಂಜರಿಯಿತು, ಅಷ್ಟೇ. ಆಪರೇಷನ್ ಮುಗಿಯುವವರೆಗೆ ಮಾತು ಕಮ್ಮಿ ಮಾಡು ಅಂತ ಡಾಕ್ಟರು ನಿನ್ನ ಬಾಯಿಗೆ ಬೀಗ ಹಾಕಿದ ಮೇಲೆ ಫೋನೂ ಇಲ್ಲ. ಶಾಲೆ ಬಿಟ್ಟವಳ ಅಕ್ಷರವನ್ನೇ ಸಹಿಸಿಕೋ.

ಬೀಗದ ಅಂಗಡಿಯಲ್ಲಿ ನನ್ನ ಮಾನ ಹೋಗಿದೆ. ಮೊನ್ನೆ ಒಬ್ಬ ಹೆಂಗಸಿನ ಬೀರುವಿಗೆ ಕೀ ಮಾಡುತ್ತಾ, ಮಾತು ಬರೆಯಲಿಕ್ಕೆ ಅಂತ ನೀನು ಕಳಿಸಿದ ರಾಗ ಗುನುಗುತ್ತಿದ್ದೆ. ಅರ ಹಿಡಿದು ಉಜ್ಜಿದೆ, ಉಜ್ಜಿದೆ, ಕೀಯ ಹಲ್ಲೇ ಸವೆದುಹೋಗುವಷ್ಟು ಉಜ್ಜಿದೆ. ಸಂಜೆ ಆಕೆ ವಾಪಸ್ ಬಂದು, ಇದು ಬೀಗದೊಳಗೆ ಸುಮ್ಮನೆ ಪ್ರದಕ್ಷಿಣೆ ಹಾಕುತ್ತದೆ, ಏನನ್ನೂ ತೆಗೆಯುವುದಿಲ್ಲ ಅಂದಳು. ಯಜಮಾನರು ಬೈಯಲಿಲ್ಲ, ಅದೇ ಕಷ್ಟವಾಯಿತು.

"ಕಮ್ಮಿ ಉಜ್ಜಿದ್ರೆ ಇನ್ನೊಂದ್ ಸಲ ಉಜ್ಜಬಹುದು ಕಣಮ್ಮ. ಜಾಸ್ತಿ ಉಜ್ಜಿದ್ದನ್ನ ನಿಮ್ಮಪ್ಪ ಬಂದ್ರೂ ಅಂಟಿಸೋಕಾಗಲ್ಲ" ಅಂದರು.

ನೀನು ಕಲಿಸಿದ ಅಭ್ಯಾಸ ಬಿಟ್ಟಿಲ್ಲ. ಷಟರ್ ಎತ್ತುವ ಮೊದಲು, ಯಾರ ಹತ್ತಿರವೂ ಮಾತಾಡುವ ಮೊದಲು, ಇದೇ ಮೆಟ್ಟಿಲ ಮೇಲೆ ಕೂತು ಬಂದದ್ದನ್ನು ಬರೆಯುತ್ತೇನೆ. ನಲ್ಲಿ ಬಿಟ್ಟ ತಕ್ಷಣ ತುಕ್ಕು ನೀರೇ ಬರೋದು, ಹಾಗಂತ ಯಾರಾದರೂ ನಲ್ಲಿ ಮುಚ್ಚುತ್ತಾರಾ ಅಂತ ನೀನು ಕೇಳಿದ್ದೆಯಲ್ಲ. ಬೇರೆ ಹಾಡುಗಳಿಗೆ ಆ ಮಾತು ಕೆಲಸ ಮಾಡುತ್ತದೆ. ನಿನ್ನ ಈ ರಾಗಕ್ಕೆ ಕೂತರೆ ಮಾತ್ರ ಆಗುವುದಿಲ್ಲ. ಒಂದು ಸಾಲು ಬರೆಯುತ್ತೇನೆ, ನೀನು ಸ್ಟೇಜ್ ಮೇಲೆ ಅದನ್ನು ಹಾಡುವುದು ಕಣ್ಣಿಗೆ ಬರುತ್ತದೆ, ನಾಚಿಕೆಯಾಗಿ ಹೊಡೆದುಹಾಕುತ್ತೇನೆ. ಮೋಡ ಹಾಕಿ ನೋಡಿದೆ, ದಾರಿ ಹಾಕಿ ನೋಡಿದೆ, ನೆರಳು, ಕನ್ನಡಿ, ಎಲ್ಲ ಹಾಕಿದೆ. ಪಕ್ಕದ ಮನೆಯಿಂದ ಕಡ ತಂದ ಪಾತ್ರೆಗಳ ಹಾಗೆ ಇವೆ. ಹೊಳೆಯುತ್ತವೆ, ನಮ್ಮವಲ್ಲ.

ನಿನ್ನ ಕ್ರಮವೂ ನನಗೆ ಗೊತ್ತು. ಮೊದಲು ರಾಗ. ಅದು ಜಾರಿಹೋಗದಿರಲಿ ಅಂತ ಬಾಯಿಗೆ ಬಂದ ಡಮ್ಮಿ ಮಾತು. ಆಮೇಲೆ ನನ್ನ ಮಾತು. ಸರಿಯಾದ ಮಾತು ಕೂರುವ ತನಕ ನೀನು ಯಾವ ಹಾಡನ್ನೂ ಪೂರ್ತಿ ಹಾಡುವವನಲ್ಲ. ಅರ್ಧ ಬೆಂದದ್ದನ್ನು ಬಡಿಸಬಾರದು ಅನ್ನುತ್ತೀಯ. ಹಾಗಾಗಿ ನನ್ನ ಫೋನಿನಲ್ಲಿ ಈ ಹಾಡಿನದು ಎರಡೇ ಸಾಲು, ಅದೂ ಡಮ್ಮಿ. ನಾವು ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು ಕೂಗುವುದನ್ನೇ ನೀನು ತಮಾಷೆಗೆ ರಾಗಕ್ಕೆ ಹಾಕಿದ್ದು:

ಚಪ್ಪಲಿ ಇಲ್ಲಿದೆ, ಛತ್ರಿ ಇಲ್ಲಿದೆ,
ಹೊರಟೋನು ಎಲ್ಲಿ, ಕರೀರಿ.

ನಿನ್ನೆ ಅದನ್ನೇ ಗುನುಗುತ್ತಾ ಕೌಂಟರ್ ಒರೆಸುತ್ತಿದ್ದೆ. ಪಕ್ಕದ ಟೈಲರಮ್ಮ ಹಲ್ಲಲ್ಲಿ ಸೂಜಿ ಕಚ್ಚಿಕೊಂಡೇ ಹೊಲಿಗೆ ನಿಲ್ಲಿಸಿದರು. ಅವರು ಹೇಗೆ ಅಂತ ನಿನಗೆ ಗೊತ್ತು. ನನ್ನ ಮೋಡ, ಕನ್ನಡಿ ಎಲ್ಲ ಕೇಳಿ, ಚೆನ್ನಾಗಿದೆ, ಬಾಗಿಲು ಎಳ್ಕೋ, ಧೂಳು ಬರುತ್ತೆ ಅಂದವರು.

"ಆಮೇಲೆ?" ಅಂದರು.

"ಆಮೇಲೆ ಏನು?"

"ಕರೆದ್ರಲ್ಲ. ಬಂದ್ನಾ?"

ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ನಿಂತೆ. ಇಷ್ಟು ದಿನ ನಾನು ಉಜ್ಜಿ ತೆಗೆಯಲು ನೋಡುತ್ತಿದ್ದದ್ದೇ ಈ ಕೀಯ ಹಲ್ಲು. ಅದು ಡಮ್ಮಿಯಲ್ಲ ಅಣ್ಣಾ. ಅದೇ ಹಾಡು. ನಿನ್ನ ತಮಾಷೆಯ ಮುಂದೆ ನನ್ನ ಕನ್ನಡಿ ಸೋತಿದ್ದಕ್ಕೆ ಹೊಟ್ಟೆಯುರಿ ಆಯಿತು, ಸುಳ್ಳು ಯಾಕೆ ಹೇಳಲಿ.

ಎರಡನೇ ಚರಣ ಇನ್ನೂ ಬಂದಿಲ್ಲ. ನೀನು ಚೀಟಿಯಲ್ಲಿ ಅವಸರ ಬೇಡ ಅಂತ ಬರೆದಿದ್ದೀಯ. ಸೋಮವಾರ ಕಳೆಯಲಿ, ಗಂಟಲು ರಿಪೇರಿಯಾಗಲಿ, ಅಷ್ಟರಲ್ಲಿ ನಿನ್ನ ಮಾತೂ ಹಣ್ಣಾಗುತ್ತೆ, ಆಗ ಹಾಡ್ತೀನಿ ಅಂತ.

ಬೇಡ. ಆಮೇಲೆ ಬೇಡ. ನಾನು ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಆಸ್ಪತ್ರೆ ಪಕ್ಕದ ಆ ಬಾಡಿಗೆ ಕೋಣೆಯಲ್ಲೇ, ಅವತ್ತೇ ಹಾಡು. ಎರಡನೇ ಚರಣದ ಜಾಗದಲ್ಲಿ ಬರೀ ತನನನ ಅನ್ನು. ಅರ್ಧ ಬೆಂದದ್ದನ್ನೇ ಬಡಿಸು, ನಾನು ತಿನ್ನುತ್ತೇನೆ. ಒಂದು ಹಾಡು ಹಾಡಿದರೆ ತೊಂದರೆಯಾಗುತ್ತದಾ ಅಂತ ಹೋದ ಸಲವೇ ಡಾಕ್ಟರನ್ನು ಕೇಳಿ ಬಂದಿದ್ದೇನೆ. ಒಂದಕ್ಕೇನೂ ಆಗಲ್ಲಮ್ಮ ಅಂದರು. ಹಾಗೆ ಅನ್ನುವಾಗ ಅವರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ಅಮ್ಮನ ಮಂಡಿನೋವಿಗೆ ಎಣ್ಣೆ ತರುತ್ತೇನೆ ಅಂತ ಹೇಳು. ನಿನಗೆ ಒಳ್ಳೆಯದಾಗಲಿ. ಚಿಕ್ಕವರು ದೊಡ್ಡವರನ್ನು ಹರಸಬಾರದು ಅಂತ ನಾನು ಓದಿದಷ್ಟು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಇಂತಿ ನಿನ್ನ
ಚಟಪಟಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ವಿಷಯ ಬಿಟ್ಟಿದ್ದೇನೆ. ಹೋದ ಸಲ ಬಂದಾಗ ಡಾಕ್ಟರು ಅಮ್ಮನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು: ಗಂಟು ತೆಗೆಯಲೇಬೇಕು, ತೆಗೆದರೆ ನೀನು ಉಳಿಯುತ್ತೀಯ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಜೊತೆ ಸ್ವರತಂತುವೂ ಹೋಗುತ್ತದೆ. ಪಿಸುಮಾತು ಬರಬಹುದು. ಹಾಡು ಬರುವುದಿಲ್ಲ. ಮೂರು ತಿಂಗಳಲ್ಲಿ ಮೊದಲಿನ ಹಾಗೆ ಆಗುತ್ತೆ ಅಂತ ಅಮ್ಮ ನಿನಗೆ ಹೇಳಿದ್ದು ಅವಳದೇ ಮಾತು. ನೀನು ಹೆದರಿ ಆಪರೇಷನ್ನೇ ಬೇಡ ಅಂದುಬಿಡುತ್ತೀಯ ಅಂತ ಅವಳ ಭಯ. ಬಾಯಿ ಬಿಡಬೇಡ ಅಂತ ನನ್ನ ಕೈಯಲ್ಲಿ ಆಣೆ ಹಾಕಿಸಿದಳು. ಬಾಯಿ ಬಿಡಲಿಲ್ಲ, ಬರೆದೆ ಅಂತ ನುಸುಳಿಕೊಳ್ಳುವುದಿಲ್ಲ. ಆಣೆ ಮುರಿದಿದ್ದೇನೆ. ಅವಳನ್ನು ಬೈಯಬೇಡ. ಸೋಮವಾರ ಹೋಗಿ ಮಲಗು, ಅದಕ್ಕೂ ಬೇಡಿಕೊಳ್ಳುತ್ತೇನೆ.

ಭಾನುವಾರ ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಬಾಗಿಲು ಹಾಕಿಕೋ. ಬೀಗ ತೆಗೆಯುವುದೇ ನನ್ನ ಕಸುಬಾದರೂ ಆ ಬಾಗಿಲು ಮುಟ್ಟುವುದಿಲ್ಲ. ಹೊರಗೆ ನಿನ್ನ ಚಪ್ಪಲಿಯ ಪಕ್ಕ ಕೂತಿರುತ್ತೇನೆ. ಒಳಗಿನಿಂದ ಹಾಡಿದರೂ ಕೇಳಿಸುತ್ತದೆ.