ಎರಡು ಕಿಲೋ ಸೀಸ

19 ಜನವರಿ 2025, ಭಾನುವಾರ. ಶಿರಸಿ

ಕಳೆದ ವಾರ ಡೈವಿಂಗ್ ಮಾಡುವಾಗ ನನ್ನ ಕಾಲು ಬಡಿದು ಮುರಿದ ಹವಳದ ಕೊಂಬೆ ಇಡೀ ವಾರ ಮನಸ್ಸನ್ನು ಕೊರೆಯುತ್ತಿತ್ತು. ಹವಳಕ್ಕೆ ಸಿಕ್ಕಿಕೊಂಡ ಹರಿದ ಬಲೆ ಬಿಡಿಸುವ ತಂಡ ಸೇರಲು, ತಳ ಮುಟ್ಟದೆ, ಮೇಲೂ ಏಳದೆ ನೀರಡಿಯಲ್ಲಿ ಐದು ನಿಮಿಷ ತೇಲಿ ನಿಲ್ಲಬೇಕು. ಎರಡು ಸಲ ಸೋತಿದ್ದೆ.

ಇಂದು ಮುರ್ಡೇಶ್ವರದಲ್ಲಿ ದೋಣಿ ಹತ್ತಿದಾಗ, ಡೈವಿಂಗ್ ಕಲಿಸುವ ಯಲ್ಲಾಪುರದ ಮಾಜ್ ಮುಳುಗಲೆಂದು ಸೀಸದ ತುಂಡು ಪೋಣಿಸಿದ್ದ ನನ್ನ ಸೊಂಟದ ಪಟ್ಟಿ ನೋಡಿ ನಕ್ಕ.

"ಎಂತಕ್ಕೆ ಅಕ್ಕಾ ಇಷ್ಟು ಸೀಸ? ಅದಕ್ಕೇ ಕಾಲು ಕೆಳಗೆ ಜಗ್ತದೆ. ಎರಡು ಕಿಲೋ ತೆಗೀರಿ. ಮಕಾಡೆ ಮಲಗ್ದಂಗೆ ಇರಿ, ಉಸಿರು ಮಾತ್ರ ಹಿಡೀಬೇಡಿ."

ಹೆದರುತ್ತಲೇ ತೆಗೆದೆ. ನೀರಿನ ಕೆಳಗೆ ನಿಧಾನವಾಗಿ ಉಸಿರೆಳೆದಾಗ ಗೇಣಷ್ಟು ಮೇಲೆದ್ದೆ, ಬಿಟ್ಟಾಗ ಅಷ್ಟೇ ಇಳಿದೆ. ನನ್ನ ಹೊಟ್ಟೆಯ ಕೆಳಗೇ ಪುಟ್ಟ ಮೀನೊಂದು ಹವಳದ ನಡುವೆ ಮೇಯುತ್ತಿತ್ತು, ಬೆದರಲಿಲ್ಲ. ಐದು ನಿಮಿಷ ಮುಗಿದದ್ದೇ ತಿಳಿಯಲಿಲ್ಲ.

"ಬರೋ ಭಾನುವಾರ ಕತ್ತರಿ ತಗೊಂಡು ಬನ್ನಿ," ಎಂದ ಮಾಜ್, ದೋಣಿಗೆ ಮರಳಿದ ಮೇಲೆ.

ನಲವತ್ತೇಳನೇ ವಯಸ್ಸಿಗೆ ಇದು! ನಿದ್ದೆಗೆ ಕಣ್ಣು ಎಳೆಯುತ್ತಿದೆ. ಮೈ ಮಾತ್ರ ಇನ್ನೂ ತೇಲುತ್ತಲೇ...